ಪರಾಕಿನ ಜಟ್ಟಪ್ಪ ಹೊಸ ವಿದ್ಯೆ ಕಲಿತದ್ದು

ಬಿಳಿಗಲ್ಲುದುರ್ಗದ ಕೆಂಚಮಲ್ಲ ನಾಯಕನ ರಾಜ್ಯ ಎಷ್ಟು ದೊಡ್ಡದು ಅಂತೀರಿ? ಬೆಳಗ್ಗೆ ಗಂಜಿ ಕುಡಿದು ಹೊರಟರೆ ಮಧ್ಯಾಹ್ನದ ಊಟಕ್ಕೆ ಗಡಿಯಾಚೆ ಇರುತ್ತಿದ್ದಿರಿ. ಆದರೆ ಹುಲಿಯ ಮೀಸೆ ಕಿತ್ತ ಗಂಡುಗಲಿ, ಏಳು ಕೋಟೆ ಮುರಿದ ವೀರ, ಅರುವತ್ತನಾಲ್ಕು ವಿದ್ಯೆ ಬಲ್ಲವ ಎಂದು ಅವನ ಬಿರುದುಗಳನ್ನು ಕೂಗಿ ಮುಗಿಸುವಷ್ಟರಲ್ಲಿ ಆಸ್ಥಾನದ ಅರ್ಧ ಜನ ತೂಕಡಿಸುತ್ತಿದ್ದರು.

ಆ ಬಿರುದು ಕೂಗುವವನೇ ಜಟ್ಟಪ್ಪ. ಬೆಳ್ಳಿಕಟ್ಟಿನ ಕೋಲು ನೆಲಕ್ಕೆ ಕುಟ್ಟಿ “ಬಹುಪರಾಕ್!” ಎಂದನೆಂದರೆ ಗೋಪುರದ ಪಾರಿವಾಳಗಳೆಲ್ಲ ಎದ್ದು ಹಾರಬೇಕು, ಅಂಥ ಗಂಟಲು. ಆ ಗಂಟಲು ಬಿಟ್ಟರೆ ಪಾಪ, ಅವನಿಗೆ ಬೇರೆ ಬದುಕಿರಲಿಲ್ಲ.

ಹೀಗಿರುವಾಗ ತಿಪ್ಪರಸನೆಂಬ ಹೊಸ ಮಂತ್ರಿ ಬಂದ. ಬಂದವನೇ ಎದೆ ತಟ್ಟಿಕೊಂಡ.

“ಪ್ರಭು, ಹದಿನೆಂಟು ರಾಜ್ಯಗಳಲ್ಲಿ ಮಂತ್ರಿಯಾಗಿದ್ದವನು ನಾನು! ಕಾಲ ಬದಲಾಗಿದೆ. ಈಗ ಎಲ್ಲ ಕಡೆ ಹೊಸ ವಿದ್ಯೆ ಬಲ್ಲವರನ್ನೇ ಹುಡುಕುತ್ತಾರೆ. ಒಂದೇ ಕೆಲಸ ಗೊತ್ತಿರುವವರಿಗೆ ಸಂಬಳ ಕೊಡುವುದು ದಂಡ.”

ನಾಯಕನಿಗೆ ಹೊಸದೆಂದರೆ ಪ್ರಾಣ. ಸರಿ, ಶುರುವಾಯಿತು. ಮಾವುತ ಲೆಕ್ಕ ಕಲಿಯಬೇಕು, ತೋಟಗಾರ ಕತ್ತಿವರಸೆ ಕಲಿಯಬೇಕು, ಅಡುಗೆಯವನು ವೈದ್ಯ ಕಲಿಯಬೇಕು. ಅವನ ಅಡುಗೆ ಉಂಡವರಿಗೆ ಈ ಕೊನೆಯದು ಮಾತ್ರ ಸರಿಯೆಂದೇ ಕಂಡಿತು.

ಜಟ್ಟಪ್ಪನ ಸರದಿ ಬಂತು.

“ನಿನಗೇನು ಬರುತ್ತೆ?” ಎಂದ ತಿಪ್ಪರಸ.

“ಪರಾಕು ಹೇಳ್ತೀನಿ, ಸ್ವಾಮಿ.”

“ಅದು ಬಿಟ್ಟು?”

ಜಟ್ಟಪ್ಪ ತಲೆ ಕೆರೆದುಕೊಂಡ. “ಇನ್ನೂ ಜೋರಾಗಿ ಹೇಳ್ತೀನಿ, ಸ್ವಾಮಿ.”

ಆಸ್ಥಾನ ಘೊಳ್ಳೆಂದಿತು. ತಿಪ್ಪರಸ ನಗಲಿಲ್ಲ. “ಬರೀ ಗಂಟಲು ಯಾವ ಸಂತೆಯಲ್ಲಾದರೂ ಸಿಗುತ್ತೆ. ಕೂಗುವ ಮುಂಚೆ ವಿಚಾರಿಸಿ, ಸಾಕ್ಷಿ ನೋಡಿ, ಖಾತ್ರಿ ಮಾಡಿಕೊಳ್ಳುವ ವಿದ್ಯೆ ಬೇಕು. ಬರುವ ಸೋಮವಾರದ ಒಡ್ಡೋಲಗದಲ್ಲಿ ಅದನ್ನು ತೋರಿಸು. ಆಗದಿದ್ದರೆ ಕೋಲು ಇಟ್ಟು ಮನೆಗೆ ನಡಿ.”

ಈ ವಯಸ್ಸಿನಲ್ಲಿ ಎಲ್ಲಿಗೆ ಹೋಗಲಿ, ಯಾರ ಮನೆ ಬಾಗಿಲಲ್ಲಿ ಪರಾಕು ಹೇಳಲಿ ಎಂದು ಜಟ್ಟಪ್ಪನಿಗೆ ಅಳುವೇ ಬಂತು.

ಆಗ ನಾಯಕನ ಪಕ್ಕದಲ್ಲಿ ವೀಳ್ಯದ ಸಂಚಿ ಹಿಡಿದು ನಿಂತಿದ್ದ ಚಿಕ್ಕತಾಯಿ ಬಾಯಿ ತೆರೆದಳು. ಅವಳು ಬಾಯಿ ತೆರೆದರೆ ಯಾರಿಗೋ ಗ್ರಹಚಾರ ಅಂತಲೇ ಲೆಕ್ಕ.

“ಮಂತ್ರಿಗಳೇ, ಸಾಕ್ಷಿಯಿಲ್ಲದ್ದನ್ನು ಹೇಳಬಾರದು ಅನ್ನೋ ಈ ಕಟ್ಟಳೆ ಎಲ್ಲರಿಗೂ ಉಂಟೋ, ನಮ್ಮಂಥ ಬಡಪಾಯಿಗಳಿಗೆ ಮಾತ್ರವೋ?”

“ಎಲ್ಲರಿಗೂ! ನನ್ನನ್ನೂ ಸೇರಿಸಿ!”

“ನನ್ನನ್ನೂ ಸೇರಿಸು,” ಎಂದ ನಾಯಕ ಮೀಸೆ ತಿರುವುತ್ತ. “ನನಗೇನು ಭಯ?”

“ಹಾಗಾದರೆ ಸರಿ,” ಎಂದು ಚಿಕ್ಕತಾಯಿ ಎಲೆಗೆ ಸುಣ್ಣ ಹಚ್ಚಿದಳು.

ಓಲಗ ಮುಗಿದ ಮೇಲೆ ಜಟ್ಟಪ್ಪ ಅವಳ ಹಿಂದೆ ಓಡಿದ. “ಅಕ್ಕಾ, ಗತಿಯೇನು?”

“ಗತಿ ಎಂಥದ್ದೋ? ಮಂತ್ರಿ ಹೇಳಿದ್ದನ್ನು ಚಾಚೂ ತಪ್ಪದೆ ಮಾಡು. ಒಂದೊಂದು ಬಿರುದಿಗೂ ಸಾಕ್ಷಿ ಹುಡುಕು. ಸಿಕ್ಕಿದ್ದನ್ನು ಕೂಗು.”

“ಸಿಗದಿದ್ದರೆ?”

“ಅದು ನಿನ್ನ ತಪ್ಪೇನೋ?”

ಸೋಮವಾರ ಬಂತು. ಒಡ್ಡೋಲಗ ಕಿಕ್ಕಿರಿದಿತ್ತು. ನಾಯಕ ಒಳಗೆ ಕಾಲಿಟ್ಟ. ಜಟ್ಟಪ್ಪ ಮನೆದೇವರನ್ನು ನೆನೆದು ಕೋಲು ಕುಟ್ಟಿದ.

“ಬಹುಪರಾಕ್! ಹುಲಿ ಸತ್ತಿದೆಯೆಂದು ಖಾತ್ರಿಯಾದ ಮೇಲೆ ಅದರ ಮೀಸೆ ಮುಟ್ಟಿದ ಗಂಡುಗಲಿ!”

ನಾಯಕನ ಕಾಲು ಅಲ್ಲೇ ನಿಂತಿತು.

“ಏಳು ಕೋಟೆ ಮುರಿದವರು ಎನ್ನುತ್ತಿದ್ದೆವು! ಸಾಕ್ಷಿ ಸಿಕ್ಕಿದ್ದು ಒಂದಕ್ಕೇ! ಅದೂ ನಮ್ಮದೇ ಕೋಟೆ, ಮಳೆಗೆ ಬಿದ್ದದ್ದು, ಇನ್ನೂ ಕಟ್ಟಿಸಿಲ್ಲ, ಪರಾಕ್! ಅರುವತ್ತನಾಲ್ಕು ವಿದ್ಯೆಗಳಲ್ಲಿ ಪಗಡೆ ಒಂದು ಖಾತ್ರಿ! ಸೋತವರೆಲ್ಲ ಬೇಕೆಂದೇ ಸೋತೆವು ಎನ್ನುತ್ತಾರೆ, ಬಹುಪರಾಕ್!”

ನಾಯಕನ ಮುಖ ಕೆಂಡವಾಯಿತು, ಕೈ ಮೇಲೆದ್ದಿತು. “ಎಲವೋ! ತಲೆ ಭಾರವಾಗಿದೆಯೇನೋ ನಿನಗೆ?”

ಜಟ್ಟಪ್ಪ ಕೋಲನ್ನು ಎದೆಗವಚಿಕೊಂಡ. ಚಿಕ್ಕತಾಯಿ ಮೆಲ್ಲನೆ ವೀಳ್ಯ ಮುಂದೆ ಹಿಡಿದಳು.

“ಬುದ್ಧಿ, ಅವನು ಹೊಸ ವಿದ್ಯೆ ಕಲಿತಿದ್ದಾನೆ. ತಮ್ಮನ್ನೂ ಸೇರಿಸು ಅಂತ ತಾವೇ ಅಪ್ಪಣೆ ಕೊಡಿಸಿದ್ದು. ಇನ್ನೊಂದು ಬಾಕಿ ಇದೆ, ಅದನ್ನೂ ಕೇಳಿಬಿಡಿ.”

ಜಟ್ಟಪ್ಪ ನಡುಗುವ ದನಿಯಲ್ಲೇ ಮುಗಿಸಿದ. “ಅಗಸರ ಕೆಂಪಮ್ಮನ ಕರು ಕೆರೆಗೆ ಬಿದ್ದಾಗ, ಆಳುಗಳನ್ನು ಕಾಯದೆ ತಾನೇ ಧುಮುಕಿ ಎತ್ತಿಕೊಂಡು ಬಂದ ದೊರೆ! ಇದಕ್ಕೆ ಕೇರಿಗೆ ಕೇರಿಯೇ ಸಾಕ್ಷಿ. ಬಹುಪರಾಕ್!”

ಈ ಸಂಗತಿಯನ್ನು ಇಷ್ಟು ವರ್ಷ ಯಾರೂ ಕೂಗಿರಲಿಲ್ಲ. ನಾಯಕನಿಗೇ ಮರೆತುಹೋಗಿತ್ತು. ಎತ್ತಿದ ಕೈ ಕೆಳಗಿಳಿಯಿತು, ಮೀಸೆಯಡಿಯಲ್ಲಿ ನಗು ಕಾಣಿಸಿತು.

ತಿಪ್ಪರಸ ಆಗಲೇ ಹಿಂಬಾಗಿಲ ಕಡೆ ಸರಿಯುತ್ತಿದ್ದ. ನಾಯಕ ನೋಡಿಬಿಟ್ಟ.

“ಎಲ್ಲಿಗೆ ಮಂತ್ರಿಗಳೇ? ಜಟ್ಟಪ್ಪ, ಇವರದ್ದನ್ನೂ ಕೂಗು. ಹದಿನೆಂಟು ರಾಜ್ಯಗಳದ್ದು.”

ಜಟ್ಟಪ್ಪನಿಗೆ ಈಗ ಧೈರ್ಯ ಬಂದಿತ್ತು. ಕೋಲು ಎತ್ತಿ ಕುಟ್ಟಿದ, ಎದೆ ತುಂಬ ಉಸಿರು ಎಳೆದುಕೊಂಡ, ಗೋಪುರದ ಪಾರಿವಾಳಗಳೆಲ್ಲ ಹಾರುವ ಹಾಗೆ ಕೂಗಿದ.

“ಬಹುಪರಾಕ್! ತಿಪ್ಪರಸರು ಬಂದಿದ್ದಾರೆ!”

ಅಷ್ಟಕ್ಕೇ ನಿಂತ.

“ಮುಂದೆ?” ಎಂದ ನಾಯಕ.

“ಅಷ್ಟೇ, ಬುದ್ಧಿ. ಬಂದದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಉಳಿದದ್ದಕ್ಕೆ ಸಾಕ್ಷಿ ಸಿಗಲಿಲ್ಲ.”

ನಾಯಕ ಹೊಟ್ಟೆ ಹಿಡಿದುಕೊಂಡು ನಕ್ಕ. ಜಟ್ಟಪ್ಪನಿಗೆ ಜೀವನಪೂರ್ತಿ ಅದೇ ಕೆಲಸ ಖಾಯಂ ಮಾಡಿ, ಹೆಗಲಿಗೆ ಜರಿಯ ಶಲ್ಯ ಹೊದಿಸಿದ. ಚಿಕ್ಕತಾಯಿಗೆ ಬೆಳ್ಳಿಯ ಸುಣ್ಣದ ಡಬ್ಬಿ ಸಿಕ್ಕಿತು. ತಿಪ್ಪರಸ ಹತ್ತೊಂಬತ್ತನೆಯ ರಾಜ್ಯ ಹುಡುಕಿಕೊಂಡು ಹೊರಟ.

“ಬುದ್ಧಿ, ನಾಳೆಯಿಂದ ಯಾವುದನ್ನು ಕೂಗಲಿ?” ಎಂದ ಜಟ್ಟಪ್ಪ. “ಹಳೆಯದನ್ನೋ, ಖಾತ್ರಿಯಾದದ್ದನ್ನೋ?”

ನಾಯಕ ಗಂಟಲು ಸರಿಮಾಡಿಕೊಂಡ, ಆಚೀಚೆ ನೋಡಿದ.

“ಕರುವಿನದ್ದನ್ನು ಸೇರಿಸಿಕೋ,” ಎಂದ. “ಹುಲಿಯದ್ದೂ ಮೊದಲಿನ ಹಾಗೇ ಇರಲಿ ಬಿಡು.”