ಹಣಿಗೆಯಲ್ಲಿ ಉಳಿದ ಎಳೆ

"ಅಜ್ಜಾರೇ, ಹೊಸದಾಗಿ ಬಾಳಬೇಕೆಂದರೆ ಹಳೆಯದನ್ನು ಪೂರ್ತಿ ಮರೆಯಲೇಬೇಕೇ?" ಎಂದು ಮಠದ ಗುರುಗಳನ್ನು ಚನ್ನವೀರ ಕೇಳಿದ.

ಅವನ ಹೆಂಡತಿ ತೀರಿಕೊಂಡು ಮೂರು ವರ್ಷವಾಗಿತ್ತು. ಮನೆಯವರು ಇನ್ನೊಂದು ಹೆಣ್ಣು ನೋಡಿದ್ದರು. ಹೆಣ್ಣು ಒಳ್ಳೆಯವಳು, ಇವನಿಗೂ ಒಪ್ಪಿಗೆಯೇ. ಆದರೆ ಹೂಂ ಅನ್ನಲು ಬಾಯಿ ಬರುತ್ತಿರಲಿಲ್ಲ. ಹೂಂ ಅಂದರೆ ಹೋದವಳಿಗೆ ದ್ರೋಹ, ಹೋದವಳನ್ನು ಮರೆಯದಿದ್ದರೆ ಬರುವವಳಿಗೆ ದ್ರೋಹ ಎಂದು ಒಳಗೊಳಗೇ ಬೇಯುತ್ತಿದ್ದ.

"ಮೊದಲು ಕೂಡಪ್ಪಾ. ಉಂಡಿಲ್ಲವೆಂದು ಮುಖವೇ ಹೇಳುತ್ತದೆ. ಹಸಿದ ಹೊಟ್ಟೆಗೆ ವೇದಾಂತ ಹತ್ತುವುದಿಲ್ಲ, ಕತೆಯಾದರೆ ಹತ್ತೀತು" ಎಂದು ಗುರುಗಳು ಹೇಳತೊಡಗಿದರು.

ಒಂದೂರಲ್ಲಿ ಒಬ್ಬ ಮುದಿ ನೇಕಾರ, ಅವನ ಮುದಿ ಹೆಂಡತಿ. ಮನೆಯಲ್ಲಿ ಒಂದೇ ಮಗ್ಗ. ಅವನು ನೇಯುವವನು, ಅವಳು ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಿಕೊಡುವವಳು. ದಿನವೆಲ್ಲ ಜಗಳ, ದಿನವೆಲ್ಲ ನಗು. ಒಂದು ಸಂಜೆ ನೇಕಾರ ಒಂದು ಸೀರೆ ನೇಯ್ದು ಮುಗಿಸಿದ. "ಬೆಳಿಗ್ಗೆ ಕತ್ತರಿಸಿ ಇಳಿಸೋಣ" ಎಂದು ಎದ್ದ. ಬೆಳಿಗ್ಗೆ ಅವನೇ ಏಳಲಿಲ್ಲ.

ಮುದುಕಿ ಆ ಸೀರೆಯನ್ನು ಮಗ್ಗದಿಂದ ಇಳಿಸಗೊಡಲಿಲ್ಲ. ಅವಳ ಒಬ್ಬನೇ ಮಗ ನೂಲಿಗೆ ಬಣ್ಣ ಹಾಕುವವನು, ಅವನಿಗೆ ಮಗ್ಗ ಬೇಕಿರಲಿಲ್ಲ. ಮುದುಕಿ ದಿನಾ ಧೂಳು ಒರೆಸಿ, ದೀಪ ಹಚ್ಚಿ, ಅದರ ಮುಂದೆ ಸುಮ್ಮನೆ ಕೂಡುವಳು. ಮಗ್ಗವೇನು ಗದ್ದುಗೆಯೇ? ಆದರೆ ಅವಳಿಗೆ ಹೇಳುವವರು ಯಾರು!

ಎರಡು ವರ್ಷಕ್ಕೆ ಸೊಸೆ ಬಂದಳು. ಅವಳೂ ನೇಕಾರರ ಮಗಳೇ, ಕೈ ಸುಮ್ಮನಿರುವ ಪೈಕಿ ಅಲ್ಲ. ಅತ್ತೆ ಮಗ್ಗ ಮುಟ್ಟಗೊಡಲಿಲ್ಲ. ಸೊಸೆ ಎದುರಾಡದೆ ಊರಾಚೆಯ ಇನ್ನೊಬ್ಬರ ಮನೆಗೆ ನೇಯಲು ಹೋಗತೊಡಗಿದಳು. ಬಸುರಿಯಾದಳು, ಆಗಲೂ ಹೋದಳು. ಒಂದು ಮಧ್ಯಾಹ್ನ ಬಿಸಿಲಲ್ಲಿ ಬಂದವಳು ಬಾಗಿಲಲ್ಲೇ ಕುಸಿದು ಕುಳಿತಳು. ಕಾಲು ಬಾತಿದ್ದವು. ಅತ್ತೆ ಆ ಕಾಲು ನೀವುತ್ತ ನೀವುತ್ತ ಅತ್ತುಬಿಟ್ಟಳು. ಮನೆಯಲ್ಲಿ ಮಗ್ಗ ಇಟ್ಟುಕೊಂಡು ಬಸುರಿಯನ್ನು ಬಿಸಿಲಲ್ಲಿ ಅಲೆಸಿದೆನಲ್ಲ ಎಂದು ಹಣೆ ಬಡಿದುಕೊಂಡಳು.

ಎದ್ದವಳೇ ಕತ್ತರಿ ತಂದು ಸೀರೆ ಕತ್ತರಿಸಿ ಇಳಿಸಿದಳು. ಹಣಿಗೆಯಲ್ಲಿ ಗೇಣುದ್ದದ ಎಳೆಗಳು ಉಳಿದವು. ಹಣಿಗೆಯೆಂದರೆ ಮಗ್ಗದ ಬಾಚಣಿಗೆ, ಅದರ ಹಲ್ಲುಗಳ ಸಂದಿಯಲ್ಲಿ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳು ಹಾಯ್ದಿರುತ್ತವೆ. ಮುದುಕಿ ಅವನ್ನೂ ಮುಷ್ಟಿಯಲ್ಲಿ ಹಿಡಿದು ಕೀಳಹೋದಳು. ಸೊಸೆ ಓಡಿಬಂದು ಕೈ ಹಿಡಿದಳು.

"ಬಿಡವ್ವಾ" ಎಂದಳು ಅತ್ತೆ. "ಹೋಗೋದಾದರೆ ಎಲ್ಲಾ ಹೋಗಲಿ. ಅವರ ಎಳೆ ಕಣ್ಣಿಗೆ ಬಿದ್ದರೆ ನಾ ಮತ್ತೆ ಅಳ್ತೀನಿ, ನಿನ್ನ ನೇಯಗೊಡೋದಿಲ್ಲ."

"ಇವನ್ನ ಕಿತ್ತರೆ ನನ್ನ ಹೊಸ ಹಾಸು ಯಾವುದಕ್ಕೆ ಕೂಡಿಸಲಿ, ಅತ್ತೀ? ಒಂದೊಂದು ಸಂದಿಯೊಳಗೂ ಮಾವನವರು ಎಳೆ ಪೋಣಿಸಿಟ್ಟು ಹೋಗಿದ್ದಾರೆ. ಅವು ಕೈಹಿಡಿದು ಎಳಕೊಂಡರೇ ನನ್ನ ನೂಲು ಒಳಗೆ ಬರೋದು. ಅಳು ಬಂದರೆ ಅಳ್ರಿ, ನಾ ನೇಯ್ತಾ ಇರ್ತೀನಿ."

ಮುದುಕಿ ಅಳುತ್ತಲೇ ನಕ್ಕಳು. ಇಬ್ಬರೂ ಕೂತು, ಹಳೆಯ ಎಳೆಗೆ ಹೊಸ ಎಳೆ ಹೊಸೆದು ಒಂದೊಂದಾಗಿ ಕೂಡಿಸಿದರು. ಮೂರು ದಿನ ಹಿಡಿಯಿತು. ನಾಲ್ಕನೆಯ ದಿನ ಸೊಸೆ ಮಗ್ಗಕ್ಕೆ ಕೂತಳು, ಅತ್ತೆ ಕಂಡಿಕೆ ಸುತ್ತಲು ಕೂತಳು. ಮಧ್ಯಾಹ್ನದೊಳಗೆ ಇಬ್ಬರಿಗೂ ಒಂದು ಜಗಳವೂ ಆಯಿತು.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರ ಹತ್ತಿರ ಸರಿದು ಕೂತ.

"ಆದರೆ ಅಜ್ಜಾರೇ, ಬರುವವಳಿಗೆ ನಾನೇನು ಕೊಡಲಿ? ನನ್ನೊಳಗೆ ಇರುವುದೆಲ್ಲ ಹೋದವಳದೇ" ಎಂದ.

ಗುರುಗಳು ಅವನ ತಲೆ ಸವರಿದರು.

"ಅದನ್ನೇ ಕೊಡೋ ಹುಚ್ಚಪ್ಪಾ, ಪ್ರೀತಿಸುವುದನ್ನು ನಿನಗೆ ಕಲಿಸಿದವಳು ಅವಳೇ ಅಲ್ಲವೇ?"