ಬಾದಾಮಿ ಎಲೆಯ ಹಣೆಗೆ ಕುಂಕುಮ

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲವದು. ಎಲ್ಲಿ ಕೂರಬೇಕೆಂದು ಬೆಟ್ಟಗಳು ಜಾಗ ಹುಡುಕುತ್ತಿದ್ದವು. ಹೊಳೆಗೆ ದಾರಿ ತಿಳಿಯದು, ಸಿಕ್ಕವರನ್ನೆಲ್ಲ ಕೇಳಿಕೊಂಡು ಹರಿಯುತ್ತಿತ್ತು. ಆಗ ಮರಗಳ ಎಲೆ ಉದುರುತ್ತಿರಲಿಲ್ಲ. ಉದುರುವುದು ಎಂದರೇನೆಂದು ಯಾವ ಮರಕ್ಕೂ ಗೊತ್ತಿರಲಿಲ್ಲ.

ಆ ಹೊಳೆಯ ದಂಡೆಯಲ್ಲಿ ಒಂದು ಬಾದಾಮಿ ಮರವಿತ್ತು. ಶಾಲೆಯ ಅಂಗಳದಲ್ಲಿ ಛತ್ರಿ ಬಿಚ್ಚಿದ ಹಾಗೆ ನಿಲ್ಲುತ್ತದಲ್ಲ, ಅದೇ ಜಾತಿಯ ಮರ. ಎಲ್ಲರೂ ಅವಳನ್ನು ಬಾದಾಮವ್ವ ಎನ್ನುತ್ತಿದ್ದರು. ಅವಳಿಗೆ ಮೈತುಂಬ ಮಕ್ಕಳು, ಎಲ್ಲ ಅಗಲ ಮುಖದ ಹಸಿರು ಹೆಣ್ಣುಮಕ್ಕಳು. ಕೊಂಬೆಯ ತುದಿಯಲ್ಲಿ ಕಟ್ಟಕಡೆಗೆ ಹುಟ್ಟಿದವಳು ಎಳೆಯವ್ವ. ಮುದ್ದು ಹೆಚ್ಚಾಗಿ ಆ ಹುಡುಗಿಗೆ ಮಾತೂ ಹೆಚ್ಚಾಗಿತ್ತು.

ಬಾದಾಮವ್ವನ ಮನೆಯಲ್ಲಿ ಒಂದು ಪದ್ಧತಿ ಇತ್ತು. ಗಿಳಿಯಾಗಲಿ, ಇರುವೆಯಾಗಲಿ, ಮನೆಯಿಂದ ಹೆಣ್ಣುಮಗಳು ಹೊರಟು ನಿಂತರೆ ಅರಿಶಿನ ಕುಂಕುಮ ಕೊಡದೆ ಕಳಿಸುತ್ತಿರಲಿಲ್ಲ. ಬೆಳಗಿನ ಬಿಸಿಲಲ್ಲಿ ಅರಿಶಿನ ಮಾಡಿಡುವಳು, ಸಂಜೆ ಬಿಸಿಲಲ್ಲಿ ಕುಂಕುಮ. ಅದನ್ನು ಹಚ್ಚಿಸಿಕೊಳ್ಳದೆ ಯಾರೂ ಹೊಸಿಲು ದಾಟುತ್ತಿರಲಿಲ್ಲ.

ಹೀಗಿರುವಾಗ ಮಾಗಿ ಬಂತು. ಲೋಕ ಕಂಡ ಮೊದಲ ಮಾಗಿ. ಮಣ್ಣು ಬಿರಿಯಿತು, ಹೊಳೆ ಸಣ್ಣಗಾಯಿತು. ಮಾಗಿಯ ಗಾಳಿ ಮರದ ಕೆಳಗೆ ಬಂದು ನಿಂತ.

"ಅಕ್ಕಾ, ಮಕ್ಕಳನ್ನ ಕರ್ಕೊಂಡು ಹೋಗೋಕೆ ಬಂದಿದೀನಿ. ನಿನ್ನ ಬೇರಿಗೇ ನೀರು ಸಾಲದು, ಇಷ್ಟು ಬಾಯಿಗೆ ಎಲ್ಲಿಂದ ಕುಡಿಸ್ತೀಯ? ಕೆಳಗೆ ಮಣ್ಣವ್ವ ಮಡಿಲು ಹಾಸಿದಾಳೆ. ನಿನ್ನ ನೆರಳಲ್ಲಿ ಇನ್ನೂ ತಂಪಿದೆ."

"ಹೋದವರು ಮತ್ತೆ ಬರ್ತಾರೇನಪ್ಪಾ?"

ಗಾಳಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. "ಇಲ್ಲಕ್ಕಾ," ಎಂದ.

ಬಾದಾಮವ್ವ ಅತ್ತಳು. ಅತ್ತರೆ ಇದ್ದ ನೀರೂ ಖರ್ಚಾಗುತ್ತದೆಂದು ಅಳು ನುಂಗಿಕೊಂಡಳು. ದೊಡ್ಡ ಮಗಳನ್ನು ಕರೆದು ಅರಿಶಿನ ಹಚ್ಚಿದಳು, ಕುಂಕುಮ ಇಟ್ಟಳು, ಕೈಬಿಟ್ಟಳು. ಅವಳ ತಂಗಿಗೆ ಅರಿಶಿನ ಹಚ್ಚಿದಳು, ಕುಂಕುಮ ಇಟ್ಟಳು, ಕೈಬಿಟ್ಟಳು. ಮನೆ ಖಾಲಿಯಾಗುತ್ತ ಬಂದು ಕೊನೆಗೆ ಎಳೆಯವ್ವ ಒಬ್ಬಳೇ ಉಳಿದಳು.

"ಇವಳನ್ನೂ ಕಳಿಸಕ್ಕಾ."

"ಕುಂಕುಮ ಮುಗಿದಿದೆ. ನಾಳೆ ಬಾ."

ಕುಂಕುಮವಿಲ್ಲದ ಹಣೆಯವಳನ್ನು ಕರೆದೊಯ್ಯುವುದುಂಟೇ? ಗಾಳಿ ಮರ್ಯಾದಸ್ಥ, ಹಾಗೇ ಹೋದ. ಮರುದಿನ ಬಂದರೆ, "ಇನ್ನೂ ಮಾಡಿಲ್ಲ, ನಾಳೆ ಬಾ." ಅದರ ಮರುದಿನ, "ಇವತ್ತು ದಿನ ಚೆನ್ನಾಗಿಲ್ಲ, ನಾಳೆ ಬಾ." ಪಾಪ, ಗಾಳಿ ಬಂದ ದಾರಿಗೆ ಸುಂಕವಿಲ್ಲವೆಂದು ತಿರುಗಿದ.

ಬಾದಾಮವ್ವ ಒಳಗೊಳಗೇ ಹಿಗ್ಗಿದಳು. ಕುಂಕುಮ ಕೊಡದಿದ್ದರೆ ಮಗಳು ಹೋಗುವುದೇ ಇಲ್ಲ, ಅಷ್ಟೇ ತಾನೆ! ತುಂಬಿದ ಬಟ್ಟಲನ್ನು ಪೊಟರೆಯಲ್ಲಿ ಬಚ್ಚಿಟ್ಟಳು. ಗಾಳಿಯನ್ನು ತಡೆದಳೇ ಹೊರತು ಮಾಗಿಯನ್ನು ತಡೆಯಲು ಅವಳಿಂದ ಆಗಲಿಲ್ಲ.

"ಅವ್ವಾ, ಬಾಯಾರಿಕೆ."

"ತಡಿ ಕಂದಾ, ಮಳೆ ಬರುತ್ತೆ."

"ಅಕ್ಕಂದಿರೆಲ್ಲ ಕೆಳಗೆ ತಂಪಲ್ಲಿ ಮಲಗಿದಾರೆ. ನನ್ನನ್ನೂ ಕಳಿಸವ್ವಾ."

"ನನ್ನ ಬಿಟ್ಟು ಹೋಗ್ತೀಯೇನೇ?"

ಎಳೆಯವ್ವ ಮತ್ತೆ ಕೇಳಲಿಲ್ಲ. ಅಷ್ಟು ಮಾತಾಡುತ್ತಿದ್ದ ಹುಡುಗಿ ಮಾತೇ ನಿಲ್ಲಿಸಿದಳು. ಅವಳ ಮುಖ ಅಂಚಿನಿಂದ ಸುರುಟಿಕೊಳ್ಳುತ್ತ ಬಂತು.

ಒಂದು ಬೆಳಿಗ್ಗೆ ಅವ್ವ ಕರೆದರೆ ಮಗಳು ಓಗೊಡಲಿಲ್ಲ. ಬಾದಾಮವ್ವ ಪೊಟರೆಯಿಂದ ಬಟ್ಟಲು ತೆಗೆದು ಮಗಳ ಹಣೆಗೆ ಕುಂಕುಮ ಇಟ್ಟಳು. ಒಣಗಿದ ಹಣೆಗೆ ಕುಂಕುಮ ಹತ್ತಲಿಲ್ಲ, ಜಾರಿ ಬಿತ್ತು. ಮತ್ತೆ ಇಟ್ಟಳು. ಬೆರಳು ಸೋಕಿದಲ್ಲಿ ಹಣೆಯೇ ಪುಡಿಯಾಯಿತು.

ಗಾಳಿ ಬಂದ. ಕುಂಕುಮ ಆಯಿತೇ ಎಂದು ಕೇಳಲಿಲ್ಲ. ಕಂದು ಬಣ್ಣಕ್ಕೆ ತಿರುಗಿದ ಎಳೆಯವ್ವನನ್ನು ಎತ್ತಿಕೊಂಡು, "ಅಕ್ಕಾ, ಇವಳಿಗೆ ಇನ್ನು ತಂಪೂ ಗೊತ್ತಾಗಲ್ಲ," ಎಂದಷ್ಟೇ ಹೇಳಿದ.

ಮಾಗಿ ಕಳೆಯಿತು. ಅದೇ ಕೊಂಬೆಯ ತುದಿಯಲ್ಲಿ ಒಂದು ಚಿಗುರು ಒಡೆಯಿತು. "ನೋಡಿದ್ಯಾ ಬಾದಾಮವ್ವಾ, ಮಗಳು ವಾಪಸ್ ಬಂದ್ಳು!" ಎಂದಿತು ಹೊಳೆ. ಬಾದಾಮವ್ವ ಬಗ್ಗಿ ನೋಡಿದಳು. ಅದು ಬೇರೆ ಮಗು. ಅದನ್ನೂ ಒಂದು ದಿನ ಕಳಿಸಬೇಕೆಂದು ಅವಳಿಗೆ ಅದು ಕಣ್ಣು ಬಿಡುವ ಮೊದಲೇ ಗೊತ್ತಾಯಿತು. ಅವಳಿಗೆ ಆ ವರ್ಷ ಯಾವ ಮಗುವನ್ನೂ ಮನಸಾರೆ ಮುದ್ದಿಸಲು ಆಗಲಿಲ್ಲ.

ಅಂದಿನಿಂದ ಅವಳು ಗಾಳಿಗೆ ಕಾಯುವುದಿಲ್ಲ. ಮಾಗಿಯ ಚಳಿ ತಾಗಿದ ಕೂಡಲೇ, ಹಣೆ ಇನ್ನೂ ಹಸಿಯಾಗಿರುವಾಗಲೇ, ಮಕ್ಕಳಿಗೆ ಅರಿಶಿನ ಹಚ್ಚಿ ಕುಂಕುಮ ಇಡಲು ಶುರುಮಾಡುತ್ತಾಳೆ. ಬಾದಾಮಿ ಎಲೆ ಮೊದಲು ಹಳದಿಯಾಗಿ, ಆಮೇಲೆ ಕೆಂಪಾಗಿ, ಆಮೇಲೆ ಉದುರುವುದು ಅದಕ್ಕೇ, ಮಗೂ. ಜನ ಕೆಳಗೆ ನಿಂತು ಕತ್ತೆತ್ತಿ "ಆಹಾ, ಎಷ್ಟು ಚೆಂದ!" ಎನ್ನುವ ಹೊತ್ತಿಗೆ, ಮೇಲೆ ಒಬ್ಬ ತಾಯಿ ಮಕ್ಕಳನ್ನು ಕಳಿಸಿಕೊಡುತ್ತಿರುತ್ತಾಳೆ.