ಮಗ್ಗದಿಂದ ಕಡಿದು ತಂದ ಸೀರೆ

ಪೂಜ್ಯ ಗುರುಸಿದ್ಧಮ್ಮ ತಾಯಿಯವರಿಗೆ ಮಠವಿರಲಿಲ್ಲ. ನವಲಿಪೇಟೆಯ ಬಣ್ಣದ ಮನೆಯ ಹಿಂದೆ ಒಂದು ತಗಡಿನ ಚಪ್ಪರವಿತ್ತು, ಅದೇ ಅವರ ನೆಲೆ. ಮೇಲೆ ಗಳುಗಳಲ್ಲಿ ಹಸಿ ನೂಲಿನ ಲಡಿಗಳು ತೂಗುತ್ತಿದ್ದವು. ಕೆಂಪು, ನೀಲಿ ಹನಿಗಳು ನೆಲಕ್ಕೂ ಬೀಳುತ್ತಿದ್ದವು, ತಾಯಿಯವರ ಬಿಳಿ ಸೀರೆಗೂ ಬೀಳುತ್ತಿದ್ದವು. ಅವರು ಒರೆಸಿಕೊಂಡದ್ದನ್ನು ಯಾರೂ ಕಾಣೆವು. ರಾಟಿಯ ಮುಂದೆ ಕುಳಿತು ಓಣಿಯ ನೇಕಾರರಿಗೆ ಕಂಡಿಕೆ ಸುತ್ತಿಕೊಡುತ್ತಿದ್ದರು. ಕಂಡಿಕೆಯೆಂದರೆ ಲಾಳಿಯ ಹೊಟ್ಟೆಯಲ್ಲಿ ಕೂರುವ ನೂಲಿನ ಸುರುಳಿ. ದರ್ಶನಕ್ಕೆ ಬಂದವರ ಕೈಗೂ ಒಂದು ಲಡಿ ಕೊಟ್ಟು "ಹಿಡಕೊಂಡು ಕುಂದ್ರು" ಎನ್ನುತ್ತಿದ್ದರು. ಒಣಗಿದ ಹೊಸ ನೂಲು ಬೆರಳ ಸಂದಿನಲ್ಲಿ ಜಾರುವಾಗ ತಾಯಿಯವರ ಮುಖದಲ್ಲಿ ಮೂಡುತ್ತಿದ್ದ ಸುಖವನ್ನು ಗಂಟೆಗಟ್ಟಲೆ ಪೂಜೆಗೆ ಕೂರುವ ಎಷ್ಟೋ ಜನರ ಮುಖದಲ್ಲಿ ನಾನು ಕಂಡಿಲ್ಲ.

ಅವರ ಪವಾಡಗಳನ್ನು ಬೇರೆ ಭಕ್ತರು ಹೇಳುತ್ತಾರೆ. ನಾನು ಸೀರೆ ವ್ಯಾಪಾರಿ. ಮುಟ್ಟಿ ನೋಡದ ಸರಕನ್ನು ಇನ್ನೊಬ್ಬರ ಕೈಗೆ ದಾಟಿಸುವ ರೂಢಿ ನನಗಿಲ್ಲ. ಇದು ಕಣ್ಣೆದುರಿಗೆ ನಡೆದದ್ದು, ಆದ್ದರಿಂದ ಬರೆಯುತ್ತಿದ್ದೇನೆ.

ಆ ಓಣಿಯಲ್ಲಿ ಕೂಡ್ಲೆಪ್ಪನೆಂಬ ನೇಕಾರನಿದ್ದ. ಅವನ ಕೈಯ ಸೀರೆಗೆ ಸಮನಾದ ಸೀರೆ ಸುತ್ತಲ ಪೇಟೆಗಳಲ್ಲಿ ಇರಲಿಲ್ಲ. ಅವನ ಬಾಯಿಗೆ ಸಮನಾದ ಬಾಯಿಯೂ ಇರಲಿಲ್ಲ. ಸೀರೆಯಲ್ಲಿ ತಪ್ಪು ಹುಡುಕಿದ ವ್ಯಾಪಾರಿಯನ್ನು ಓಣಿಯ ಕೊನೆಯವರೆಗೆ ಬೈದು ಕಳಿಸುತ್ತಿದ್ದ. ಬೇರೆಯವರ ಕೆಲಸಕ್ಕೆ ಕರೆಯದೆಯೇ ಹೋಗುತ್ತಿದ್ದ, ತನ್ನ ಕೆಲಸಕ್ಕೆ ಯಾರನ್ನೂ ಕರೆಯುತ್ತಿರಲಿಲ್ಲ. ಹೀಗಿರಲು ಒಮ್ಮೆ ಗಾಡಿಯ ಗಾಲಿಗೆ ಸಿಕ್ಕು ಅವನ ಬಲಗೈ ಮುರಿಯಿತು. ಎಲುಬು ಕೂಡಿತು, ಬೆರಳು ಮಡಚಲಿಲ್ಲ. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಹಾಗೆಯೇ ನಿಂತಿತು.

ಆಗ ಅವನ ಗೆಳೆಯ ಮಾನಪ್ಪ ಒಂದು ಮುಂಜಾನೆ ಬಂದು ಮಾತಾಡದೆ ಆ ಮಗ್ಗದ ಕುಣಿಗೆ, ನೇಕಾರ ಕಾಲು ಇಳಿಬಿಟ್ಟು ಕೂರುವ ಗುಂಡಿಗೆ, ಇಳಿದು ಕುಳಿತ. ಮರುದಿನ ಹುಸೇನಸಾಬ ಬಂದ. ಅದರ ಮರುದಿನ ಪಕ್ಕದ ಮನೆಯ ಕಾಶವ್ವ ಬಂದಳು. ತಮ್ಮ ತಮ್ಮ ಮಗ್ಗ ನಿಲ್ಲಿಸಿ, ಪಾಳಿ ಮಾಡಿಕೊಂಡು ಅವನ ಸೀರೆಯನ್ನು ನೇಯತೊಡಗಿದರು. ಮೂಲೆಯಲ್ಲಿ ಕುಳಿತ ಕೂಡ್ಲೆಪ್ಪ ಉರಿದು ಹೋದ. "ಎಮ್ಮಿ ಬಡಿದಂಗ ಬಡೀತಿಯಲ್ಲೋ ಮಾನ್ಯಾ, ಅದು ಸೀರಿನೋ ಚಾಪಿನೋ?" ಎಂದು ಮಾನಪ್ಪನ ಪಾಳಿ ಬಂದಾಗಲೆಲ್ಲ ಕೂಗುತ್ತಿದ್ದ. ಮಾನಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೊಂದು ದಿನ ಕೂಡ್ಲೆಪ್ಪ ಅವನನ್ನು ಕುಣಿಯಿಂದ ಎಳೆದು ಹೊರಗೆ ದಬ್ಬಿದ. ಕತ್ತರಿ ತೆಗೆದುಕೊಂಡು ಎಡಗೈಯಿಂದ ಸೀರೆಯನ್ನು ಕಡಿದ. ಅಷ್ಟಕ್ಕೇ ಬಿಟ್ಟಿದ್ದರೆ ತುದಿಗಳನ್ನು ಕಟ್ಟಿಕೊಂಡು ಮತ್ತೆ ನೇಯಬಹುದಿತ್ತು. ಅವನು ಎಳೆಗಳು ಹಾಯ್ದು ಬರುವ ಹಣಿಗೆಯ ಹಿಂದೆ ಚಾಚಿದ್ದ ಹಾಸನ್ನೂ, ಅಂದರೆ ಇನ್ನೂ ನೇಯದ ಉದ್ದ ಎಳೆಗಳನ್ನೂ, ಕತ್ತರಿಸಿ ಹಾಕಿದ. ಇನ್ನು ಆ ಮಗ್ಗ ನಡೆಯಬೇಕಾದರೆ ಸಾವಿರಾರು ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸಬೇಕು. ಎರಡು ಕೈ ಇದ್ದವನಿಗೇ ಅದು ಬೇಸರದ ಕೆಲಸ.

ನಾನು ಲಡಿ ಹಿಡಿದು ತಾಯಿಯವರ ಮುಂದೆ ಕುಳಿತಿದ್ದೆ. ಕೂಡ್ಲೆಪ್ಪ ಬಂದವನೇ ಕಡಿದ ಸೀರೆಯನ್ನು ರಾಟಿಯ ಮೇಲೆ ಎಸೆದ.

"ಇಕೋರಿ ಯವ್ವಾ, ನಿಮ್ಮ ಭಕ್ತರು ಮಾಡಿದ ಪುಣ್ಯ! ಇದು ಸೀರಿ ಅಲ್ಲ, ಭಿಕ್ಷಾದ ಜೋಳಗಿ. ಒಬ್ಬೊಬ್ಬರ ಬಂದು ಒಂದೊಂದು ಹಿಡಿ ಹಾಕಿ ಹೋಗ್ಯಾರ. ನಾ ಕರದಿದ್ನೇನ ಅವರನ್ನ? ಕೈ ಹೋತು, ಮರ್ಯಾದಿನೂ ಹೋಗಬೇಕೇನು? ನನ್ನ ಮನಿಗೆ ಬರಬ್ಯಾಡ್ರಿ ಅಂತ ಅವರಿಗೆ ಹೇಳ್ರಿ. ನೀವು ಹೇಳಿದ್ರ ಕೇಳ್ತಾರ. ಇಲ್ಲಂದ್ರ ಮಗ್ಗ ಮಾರಿ ಈ ಊರ ಬಿಡ್ತೀನಿ!"

ಒಳ್ಳೆಯ ಹಾಸನ್ನು ಹಾಳುಮಾಡಿ ಬಂದವನ ಕೆನ್ನೆಗೆ ಎರಡು ಕೊಡಬೇಕೆಂದು ನನಗೆ ಅನಿಸಿತು. ತಾಯಿಯವರು ರಾಟಿ ನಿಲ್ಲಿಸಿದರು. ಸೀರೆಯನ್ನು ಮಡಿಲಿಗೆ ಎಳೆದುಕೊಂಡು ಅಂಗೈಯಿಂದ ಸವರಿದರು.

"ಇದು ಯಾರ ಕೈ?" ಎಂದು ಒಂದು ಕಡೆ ಬೆರಳಿಟ್ಟು ಕೇಳಿದರು.

ಅವನು ಮುಖ ತಿರುವಿದ. ತಾಯಿಯವರು ಬೆರಳು ತೆಗೆಯಲಿಲ್ಲ. ಅವನೇ ಕುಕ್ಕರಗಾಲಲ್ಲಿ ಕುಳಿತ. ನೇಯ್ಗೆಯ ಮಾತು ಬಂದರೆ ಸುಮ್ಮನಿರುವುದು ಅವನಿಂದಾಗದ ಕೆಲಸ.

"ಹುಸೇನಸಾಬಂದು. ಮೆತ್ತಗ, ಒಂದ ಸವನ. ಆದ್ರ ದಡಿ ಒಳಗ ಜಗ್ಗೇತಿ ನೋಡ್ರಿ, ಸುಡ್ಲಿ!"

"ಇದು?"

"ಕಾಶವ್ವಂದು. ಆಕಿಗೆ ತಾಕತ್ತಿಲ್ಲ. ಇಲ್ಲೊಂದು ಗೆರಿ ಬಿದ್ದೇತಿ, ನಡುವ ಎದ್ದಾಳ. ಮೊಮ್ಮಗ ಅತ್ತಿರಬೇಕು." ಬೆರಳು ಮುಂದೆ ಹೋಯಿತು. "ಇಲ್ಲಿ ಮತ್ತ ಎದ್ದಾಳ. ಇಲ್ಲಿನೂ." ದನಿ ಇಳಿದಿತ್ತು. "ಅಳೋ ಕೂಸಿನ ಬಿಟ್ಟು ಈ ಮುದುಕಿಗೆ ಯಾರು ಬರಾಕ ಹೇಳಿದ್ರು!"

"ಇದು?"

"ಮಾನ್ಯಾಂದು. ಕೇಳಬೇಕೇನ್ರಿ? ಎಮ್ಮಿ ಬಡದಂಗ." ಅವನ ಬೆರಳು ಸೀರೆಯ ಕೊನೆಗೆ ಬಂದು ನಿಂತಿತು. "ಇದು ನಂದು" ಎಂದ. ಕೂಡಲೇ ಹುಬ್ಬು ಗಂಟಿಕ್ಕಿತು. ಕಡಿದ ಅಂಚು ಅವನ ಕೈ ಮುರಿದ ಮೇಲೆ ನೇಯ್ದದ್ದು, ಅಲ್ಲಿ ಅವನ ನೇಯ್ಗೆ ಇರಲು ಸಾಧ್ಯವೇ ಇರಲಿಲ್ಲ. ಬಟ್ಟೆಯನ್ನು ಬೆಳಕಿಗೆ ಹಿಡಿದ. ಅಲ್ಲಿ ನೂಲಿನ ಮೇಲೆ ಸಣ್ಣ ಜುಂಗು ಎದ್ದಿತ್ತು. ಒಮ್ಮೆ ನೇಯ್ದದ್ದನ್ನು ಬಿಚ್ಚಿ, ಅದೇ ನೂಲನ್ನು ಮತ್ತೆ ನೇಯ್ದರೆ ಹಾಗೆ ಏಳುತ್ತದೆ. ನನಗೂ ಅದು ಕಂಡಿತು.

"ಮಾನ್ಯಾ ಬಿಚ್ಯಾನ" ಎಂದ ಕೂಡ್ಲೆಪ್ಪ. "ನಾ ಬೈದು ಎದ್ದು ಹೋದ ಮ್ಯಾಲೆ ಬಿಚ್ಯಾನ. ನನ್ನ ಹೊಡತಕ್ಕ ತನ್ನ ಹೊಡತ ಕೂಡೋತನಕ ಬಿಚ್ಚಿ ಬಿಚ್ಚಿ ನೇಯ್ದಾನ. ನನಗ ಹೇಳಬಾರದಾಗಿತ್ತೇನ, ಹೇಡಿ!"

"ಮೂರು ಮಂದಿ ಅದಾರ" ಎಂದರು ತಾಯಿಯವರು. "ಯಾರಿಗೆ ಬರಬ್ಯಾಡ ಅನ್ಲಿ? ಹೆಸರು ಹೇಳು."

ಅವನು ಸೀರೆಯ ಜುಂಗನ್ನು ಬೆರಳಿನಿಂದ ತೀಡತೊಡಗಿದ.

ಆಗ ತಾಯಿಯವರ ಮುಖ ಕೆಂಪಾದದ್ದನ್ನು ನಾನು ಮೊದಲ ಬಾರಿಗೆ ಕಂಡೆ. ಲಡಿ ಹಿಡಿದ ನನ್ನ ಕೈ ತಾನಾಗಿ ಕೆಳಗಿಳಿಯಿತು.

"ಓಣ್ಯಾಗ ಹಾಸು ಚಾಚಿ ಗಂಜಿ ಹಚ್ಚೋ ಮುಂದ ನೀ ಯಾರ ಹಾಸಿನ ಕೆಲಸಕ್ಕ ಕೈ ಹಚ್ಚಿಲ್ಲ? ಮಾನಪ್ಪಂದಕ್ಕ ಹಚ್ಚಿದಿ. ಹುಸೇನಂದಕ್ಕ ಹಚ್ಚಿದಿ. ಆವಾಗ ಅವರಿಗೆ ಭಿಕ್ಷಾ ಹಾಕ್ದಿ ಏನು?"

"ಇಲ್ರಿ ಯವ್ವಾ! ಅದು ಗೆಣೆತನ…"

"ನೀ ಕೊಟ್ರ ಗೆಣೆತನ, ಅವರು ಕೊಟ್ರ ಭಿಕ್ಷಾ?" ಎಂದು ತಾಯಿಯವರು ಗದರಿದರು. "ನಾ ಯಾರಿಗೂ ಏನೂ ಹೇಳೂದಿಲ್ಲ. ಕಡದಾಂವ ನೀನು. ಕೂಡಸಾಕ ಬರ್ರಿ ಅಂತ ನೀನ ಹೋಗಿ ಕರಿ."

"ನಾ ಕರಿಯೂದಾ? ನಾ ಹುಟ್ಟಿದಾಗಿಂದ ಯಾರ ಬಾಗಿಲಿಗೂ…"

ತಾಯಿಯವರು ರಾಟಿ ತಿರುಗಿಸತೊಡಗಿದರು. ಮಾತು ಮುಗಿದಿತ್ತು. ಕಡಿದ ಸೀರೆಯನ್ನು ಮಡಿಲಿನಿಂದ ಕೆಳಗಿಳಿಸಲಿಲ್ಲ. ಪೇಟೆಯಲ್ಲಿ ಅದಕ್ಕೆ ಬೆಲೆಯಿರಲಿಲ್ಲ. ಮುಂದೆ ಅವರು ಬದುಕಿರುವವರೆಗೆ ಚಳಿಗೆ ಹೊದ್ದದ್ದು ಅದನ್ನೇ.

ಕೂಡ್ಲೆಪ್ಪ ಎದ್ದು ಹೊರಟ. ಇವನು ನಿಜವಾಗಿ ಕರೆಯುತ್ತಾನೋ, ಹಾಗೆಯೇ ಊರು ಬಿಡುತ್ತಾನೋ ನೋಡೋಣವೆಂದು ನಾನೂ ಹಿಂದೆಯೇ ಹೋದೆ.

ಮಾನಪ್ಪ ತನ್ನ ಮಗ್ಗದಲ್ಲಿ ಕುಳಿತು ಧಡಧಡ ನೇಯುತ್ತಿದ್ದ. ಕಂಡರೂ ಕಾಣದಂತೆ ಇದ್ದ.

"ಲೇ ಮಾನ್ಯಾ, ಹಾಸು ಕಡದೀನಿ."

"ಕೇಳೇನಿ. ಓಣಿಗೆಲ್ಲ ಕೇಳೇತಿ."

"ಕೂಡಸಬೇಕು."

"ಕೂಡಸು. ಯಾರು ಬ್ಯಾಡ ಅಂದ್ರು?"

ಕೂಡ್ಲೆಪ್ಪ ಬಾಗಿಲ ಚೌಕಟ್ಟನ್ನು ಎಡಗೈಯಿಂದ ಹಿಡಿದುಕೊಂಡ. ತಿರುಗಿ ಹೋಗಲು ಒಂದು ಹೆಜ್ಜೆ ಇಟ್ಟ. ಹೋಗಲಿಲ್ಲ.

"ನನ್ನ ಒಬ್ಬನ ಕೈಲೆ ಆಗೂದಿಲ್ಲೋ. ನೀ ಬಾ" ಎಂದ.

ಲಾಳಿ ನಿಂತಿತು. ಮಾನಪ್ಪ ತಲೆಯೆತ್ತಿದ. "ಕೈ ಮುರದದ್ದು ಗೊತ್ತಿತ್ತು. ಬಾಯಿ ಯಾವಾಗ ಕೂಡ್ತಲೇ?" ಎಂದು ಒದರಿದ. ಬಯ್ಯುತ್ತಲೇ ಕುಣಿಯಿಂದ ಮೇಲೆ ಬಂದ. ಬಯ್ಯುತ್ತಲೇ ಒಲೆಯ ಬೂದಿಯನ್ನು ತಟ್ಟೆಗೆ ತುಂಬಿಕೊಂಡ. ಓಣಿಯಲ್ಲಿ ನಿಂತು ಹುಸೇನಸಾಬನನ್ನೂ ಕಾಶವ್ವನನ್ನೂ ಕೂಗಿದ. ಕಾಶವ್ವ ಮೊಮ್ಮಗನನ್ನು ಬಗಲಲ್ಲಿ ಎತ್ತಿಕೊಂಡೇ ಬಂದಳು.

ಕೂಡ್ಲೆಪ್ಪನ ಮನೆಗೆ ಹೋಗಿ ನಾಲ್ವರೂ ಕಡಿದ ಹಾಸಿನ ಸುತ್ತ ಕುಳಿತರು. ಕೂಡ್ಲೆಪ್ಪ ಎಡಗೈಯಿಂದ ಒಂದೊಂದು ಎಳೆ ಬಿಡಿಸಿ ಕೊಡುತ್ತಿದ್ದ. ಅವರು ಎಳೆ ಜಾರದಂತೆ ಬೂದಿ ಹಚ್ಚಿದ ಬೆರಳಿನಿಂದ ಹೊಸೆಯುತ್ತಿದ್ದರು.

"ದಪ್ಪ ಆತು. ಹಣಗ್ಯಾಗ ಸಿಗತೇತಿ ಅದು."

"ಮುಚ್ಚು ಬಾಯಿ. ಮುಂದಿನ ಎಳಿ ಕೊಡು."

ಕೊಟ್ಟ.

ಬೆಳಕು ಇಳಿದು ಎಳೆ ಕಾಣದಾದಾಗ ಅವರು ಎದ್ದರು. ಅರ್ಧ ಹಾಸು ಇನ್ನೂ ಹಾಗೆಯೇ ಜೋತುಬಿದ್ದಿತ್ತು. ಮೂವರೂ ಮೆಟ್ಟಿಲಿಳಿದು ಹೋಗುವಾಗ ಕೂಡ್ಲೆಪ್ಪ ಬಾಗಿಲಿಗೆ ಬಂದು, ಓಣಿಗೆಲ್ಲ ಕೇಳುವಂತೆ ಸಿಟ್ಟಿನಿಂದಲೇ ಕೂಗಿದ:

"ನಾಳೆ ಬ್ಯಾಗ ಬರ್ರಿ! ನಿಮ್ಮ ದಾರಿ ಕಾಯಾಕ ನನ್ನ ಕೈಲೆ ಆಗೂದಿಲ್ಲ!"